ಅಂಬಾಸಿಡರ್‌ಗೆ ಯಾವ ಪ್ಲಗ್ ವೈರ್? ತಾಮ್ರದ್ದೋ, ಕಾರ್ಬನ್ನೋ, ಸಿಲಿಕಾನೋ?

ಕೇಶ್ವಾಪುರ_ಮಾರ್ಕ್3
ಎಲ್ಲರಿಗೂ ನಮಸ್ಕಾರ. ಗಾಡಿ 1977ರ ಅಂಬಾಸಿಡರ್ ಮಾರ್ಕ್ 3, ಪೆಟ್ರೋಲ್, ಅದೇ ಹಳೇ 1489 ಸಿಸಿ ಎಂಜಿನ್. ಪಾಯಿಂಟ್ (ಕಿಡಿಯ ಹೊತ್ತಿಗೆ ತೆರೆದುಕೊಳ್ಳೋ ಸ್ವಿಚ್), ಕಂಡೆನ್ಸರ್ ಎಲ್ಲಾ ಹಳೇ ಪದ್ಧತಿಯದೇ. ಬಿಸಿಲಲ್ಲಿ ಗಾಡಿಗೆ ಒಂದು ಮಾತು ಹೇಳುವಂತಿಲ್ಲ. ಮಳೆ ಹಿಡಿದರೆ ಸಾಕು, ಮಿಸ್ಸಿಂಗ್ ಶುರು. ಸಂಜೆ ಧಾರವಾಡದಿಂದ ಹೊರಡುವ ಹೊತ್ತಿಗೆ ಜಿಟಿಜಿಟಿ ಇದ್ದರೆ ಸ್ಟಾರ್ಟ್ ಆಗೋಕೇ ಸತಾಯಿಸುತ್ತೆ. ಕಳೆದ ಮಳೆಗಾಲದಲ್ಲಿ ಅಂಕೋಲಾದಿಂದ ವಾಪಸ್ ಬರುವಾಗ ಅರಬೈಲ್ ಘಟ್ಟದ ಏರನ್ನು ಮೂರೇ ಸಿಲಿಂಡರ್ ಮೇಲೆ ಹತ್ತಿಸಿಕೊಂಡು ಬಂದೆ.

ಮಿಸ್ತ್ರಿ ಪ್ಲಗ್ ವೈರ್ ಬದಲಿಸಿ ಅಂದರು. ಅಂಗಡಿಗೆ ಹೋದರೆ ಮೂರು ಥರ ತೋರಿಸಿದರು. ಕಪ್ಪು ಹೊದಿಕೆಯ ತಾಮ್ರದ ವೈರ್, ಅದು ಮೀಟರ್ ಲೆಕ್ಕ. ಕಾರ್ಬನ್ ವೈರಿನ ರೆಡಿ ಸೆಟ್ ಇನ್ನೊಂದು. ಆಮೇಲೆ ಕೆಂಪಗೆ ದಪ್ಪಗಿರುವ 8 ಎಂಎಂ ಸಿಲಿಕಾನ್ ಸೆಟ್. "ಇದನ್ನ ಹಾಕಿದರೆ ಪಿಕಪ್ ಜಾಸ್ತಿ ಬರುತ್ತೆ ಸರ್" ಅಂದರು. ರೇಟೂ ಅದಕ್ಕೆ ತಕ್ಕ ಹಾಗೇ ಇದೆ. ಯಾವುದು ತಗೊಳ್ಳಲಿ?

ಸಪ್ತಾಪುರ_ಕಾಕಾ
ತಾಮ್ರ. ಯೋಚನೆ ಮಾಡೋ ವಿಷಯವೇ ಅಲ್ಲ ಇದು. ನಾನು ಕಂಡ ಹಳೇ ಅಂಬಾಸಿಡರ್‌ಗಳಲ್ಲೆಲ್ಲ ಇದ್ದದ್ದು ತಾಮ್ರದ ವೈರೇ. ಕಾರ್ಬನ್ ವೈರ್ ಅಂದರೆ ಒಳಗೆ ನೂಲು, ಅದಕ್ಕೆ ಕಾರ್ಬನ್ ಪುಡಿ ಹಿಡಿಸಿರುತ್ತಾರೆ. ಸಾವಿರಗಟ್ಟಲೆ ಓಮ್ ರೆಸಿಸ್ಟೆನ್ಸ್. ಕರೆಂಟನ್ನು ದಾರಿಯಲ್ಲೇ ತಡೆದು ನಿಲ್ಲಿಸಿದರೆ ಪ್ಲಗ್‌ನಲ್ಲಿ ಕಿಡಿ ಏನು ಬಂದೀತು ತಮ್ಮಾ? ಕೆಂಪು, ಹಳದಿ, ನೀಲಿ ಎಲ್ಲಾ ಬಾನೆಟ್ ಎತ್ತಿ ತೋರಿಸೋರಿಗೆ.

ಹಾವೇರಿ_ಹುಡುಗ
ಕಾಕಾ ಹೇಳಿದ ಮೇಲೆ ಮುಗೀತು. ನಮ್ಮ ಕಡೆ ಮಾತ್ರ ಯಾವ ವೈರ್ ಹಾಕಿದರೂ ಇಲಿಗಳು ಭೇದಭಾವ ಮಾಡಲ್ಲ. ಕವರ್ ಹಾಕಿ ವಾರ ಬಿಟ್ಟರೆ ಸಾಕು, ಒಂದು ವೈರ್ ಆದರೂ ಕಡಿದಿರುತ್ತವೆ. ಯಾರೋ ಮೆಣಸಿನಪುಡಿ ಉದುರಿಸು ಅಂದರು.

ಸಪ್ತಾಪುರ_ಕಾಕಾ
ಬ್ಯಾಡಗಿದು ಉದುರಿಸಬೇಡ ಮತ್ತೆ. ಅದಕ್ಕೆ ಬಣ್ಣ ಜಾಸ್ತಿ, ಖಾರ ಕಡಿಮೆ. ಇಲಿಯ ಹಲ್ಲು ಕೆಂಪಾಗುತ್ತೆ ಅಷ್ಟೇ. ಮತ್ತೆ ಎಂಜಿನ್ ಫ್ಯಾನ್ ತಿರುಗಿದಾಗ ಸೀನೋನು ನೀನೇ.

ಮಾಳಮಡ್ಡಿ_ಅಕ್ಕ
ಕಾಕಾ, ಸಿಟ್ಟಾಗಬೇಡಿ, ರೆಸಿಸ್ಟೆನ್ಸ್ ಇದ್ದರೆ ಕಿಡಿ ಸಾಯುತ್ತೆ ಅನ್ನೋದನ್ನ ಒಪ್ಪಲ್ಲ. ಪಾಯಿಂಟ್ ತೆರೆದುಕೊಂಡಾಗ ಏನಾಗುತ್ತೆ ನೋಡಿ. ವೋಲ್ಟೇಜ್ ಏರಿಸೋ ಕಾಯಿಲ್ ಒಳಗಿನ ಕಾಂತಕ್ಷೇತ್ರ ಕುಸಿಯುತ್ತೆ, ಸೆಕೆಂಡರಿಯಲ್ಲಿ, ಅಂದರೆ ಅದರ ಎರಡನೇ ಸುರುಳಿಯಲ್ಲಿ, ವೋಲ್ಟೇಜ್ ಏರುತ್ತಾ ಹೋಗುತ್ತೆ. ಪ್ಲಗ್‌ನ ಗ್ಯಾಪ್ ಇನ್ನೂ ಹಾರಿಲ್ಲ. ಆ ಹೊತ್ತಿನಲ್ಲಿ ವೈರಿನಲ್ಲಿ ಹರಿಯೋ ಕರೆಂಟ್ ತೀರಾ ಕಡಿಮೆ. ಕರೆಂಟೇ ಇಲ್ಲದ ಮೇಲೆ ರೆಸಿಸ್ಟೆನ್ಸ್ ವೋಲ್ಟೇಜ್ ತಿನ್ನೋದು ಎಲ್ಲಿಂದ? ಕಾಯಿಲ್ ಕೊಟ್ಟ ಹೆಚ್ಚುಕಡಿಮೆ ಪೂರ್ತಿ ವೋಲ್ಟೇಜ್ ಪ್ಲಗ್‌ಗೆ ಮುಟ್ಟುತ್ತೆ. ಗ್ಯಾಪ್ ಹಾರೋಕೆ 10 ಸಾವಿರ ವೋಲ್ಟ್ ಆಸುಪಾಸು ಬೇಕು, ಒಳ್ಳೆ ಕಾಯಿಲ್ 20 ಸಾವಿರಕ್ಕಿಂತ ಹೆಚ್ಚು ಕೊಡುತ್ತೆ.

ಕಿಡಿ ಹಾರಿದ ಮೇಲೆ ಕರೆಂಟ್ ಹರಿಯುತ್ತೆ, ಅದೂ ಮಿಲಿ ಆಂಪಿಯರ್ ಲೆಕ್ಕದಲ್ಲಿ. 40 ಮಿಲಿ ಆಂಪ್, ವೈರ್ 10 ಕಿಲೋ ಓಮ್ ಅಂತಿಟ್ಟುಕೊಳ್ಳಿ. ನಷ್ಟ 400 ವೋಲ್ಟ್. ಇಲ್ಲವೇ ಇಲ್ಲ ಅನ್ನಲ್ಲ, ಕಿಡಿ ಉರಿಯುವ ಹೊತ್ತು ಸ್ವಲ್ಪ ಕಡಿಮೆ ಆಗುತ್ತೆ. ಅಷ್ಟಕ್ಕೆ ಎಂಜಿನ್ ಮಿಸ್ ಹೊಡೆಯಲ್ಲ. ಕಾರ್ಬನ್ ವೈರ್ ಹಾಕಿದ ಲಕ್ಷಾಂತರ ಗಾಡಿಗಳು ಓಡಲಿಲ್ವಾ?

ಸಪ್ತಾಪುರ_ಕಾಕಾ
ಓಡಿರಬಹುದು ಅಕ್ಕಾ. ಹಾಗಾದರೆ ರೆಸಿಸ್ಟೆನ್ಸ್ ಯಾಕೆ ಬೇಕಿತ್ತು ಅವರಿಗೆ? ಸುಮ್ನೆ ತಾಮ್ರ ಹಾಕಿದ್ದರೆ ಆಗ್ತಿರಲಿಲ್ವಾ?

ಮಾಳಮಡ್ಡಿ_ಅಕ್ಕ
ರೇಡಿಯೋ ಸಲುವಾಗಿ. ಗ್ಯಾಪ್ ಹಾರುವ ಮೊದಲ ಕ್ಷಣದಲ್ಲಿ ವೈರಿನಲ್ಲಿ ತುಂಬಿಕೊಂಡಿದ್ದ ಚಾರ್ಜ್ ಒಮ್ಮೆಲೇ ಖಾಲಿಯಾಗುತ್ತೆ. ಅಲ್ಲಿ ಮಾತ್ರ ಕರೆಂಟ್ ದೊಡ್ಡದು, ಸಮಯ ಬಹಳ ಸಣ್ಣದು. ತಾಮ್ರದ ವೈರ್ ಆಗ ಆಂಟೆನಾ ಥರ ಕೆಲಸ ಮಾಡುತ್ತೆ. ಬೇಕಾದರೆ ಪರೀಕ್ಷೆ ಮಾಡಿ: ಗಾಡಿಯಲ್ಲಿ ಮೀಡಿಯಂ ವೇವ್ ಇರೋ ರೇಡಿಯೋ ಇದ್ದರೆ 765 ಕಿಲೋಹರ್ಟ್ಸ್‌ಗೆ, ನಮ್ಮ ಧಾರವಾಡ ಆಕಾಶವಾಣಿಗೆ ತಿರುಗಿಸಿ. ಎಂಜಿನ್ ಆಫ್ ಇದ್ದಾಗ ಹಾಡು. ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದರೆ ಟಕಟಕಟಕ ಸದ್ದು, ಒತ್ತಿದಷ್ಟೂ ಜೋರು. ಎಫ್ಎಂನಲ್ಲಿ ಈ ಕಾಟ ಕಡಿಮೆ, ಅದಕ್ಕೇ ಈಗಿನವರಿಗೆ ಇದು ಗೊತ್ತಾಗಲ್ಲ.

ಸಪ್ತಾಪುರ_ಕಾಕಾ
ಟಕಟಕ ಬರುತ್ತೆ, ಅದು ನಿಜ. ನಾವು ಅದನ್ನ ಗಾಡಿಯ ಸ್ವಭಾವ ಅಂದುಕೊಂಡಿದ್ದೆವು.

ನವನಗರ_ವೈರಿಂಗ್
ಆಟೋ ಎಲೆಕ್ಟ್ರಿಷಿಯನ್ ಆಗಿ ಹೇಳ್ತೀನಿ. ಇಬ್ಬರೂ ಸರಿ ಇದ್ದೀರಿ, ಆದರೆ ಕೇಳಿದ್ದಕ್ಕೆ ಇನ್ನೂ ಉತ್ತರ ಬಂದಿಲ್ಲ. ಕೇಶ್ವಾಪುರ ಸರ್, ವೈರ್ ಕೊಳ್ಳೋ ಮೊದಲು ಡಿಸ್ಟ್ರಿಬ್ಯೂಟರ್ (ಕಿಡಿಯನ್ನ ಒಂದೊಂದೇ ಸಿಲಿಂಡರಿಗೆ ಹಂಚೋದು) ಕ್ಯಾಪ್ ಬಿಚ್ಚಿ ತಿರುಗಿಸಿ ನೋಡಿ. ವೈರ್ ಕ್ಯಾಪ್‌ಗೆ ಹೇಗೆ ಕೂರುತ್ತೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಲ್ಯೂಕಾಸ್ ಡಿಸ್ಟ್ರಿಬ್ಯೂಟರ್‌ಗಳಲ್ಲಿ ಎರಡು ಥರದ ಕ್ಯಾಪ್ ನೋಡಿದ್ದೀನಿ. ಒಂದರಲ್ಲಿ ವೈರಿನ ತುದಿಗೆ ಹಿತ್ತಾಳೆ ಟರ್ಮಿನಲ್ ಇರುತ್ತೆ, ಮೇಲಿಂದ ಒತ್ತಿದರೆ ಟಕ್ ಅಂತ ಕೂರುತ್ತೆ. ಇನ್ನೊಂದರಲ್ಲಿ ಟರ್ಮಿನಲ್ಲೇ ಇಲ್ಲ. ವೈರನ್ನು ಹಾಗೇ ತೂತಿನೊಳಗೆ ತಳ್ಳೋದು, ಕ್ಯಾಪ್ ಒಳಗಿನಿಂದ ಚೂಪು ಮೂತಿಯ ಸ್ಕ್ರೂ ತಿರುಗಿಸೋದು. ಆ ಮೂತಿ ಹೊದಿಕೆ ಚುಚ್ಚಿಕೊಂಡು ಒಳಗಿನ ತಂತಿಗೆ ತಗಲುತ್ತೆ. ಇದು ತಾಮ್ರದ ಎಳೆಗಳಿಗೆ ಅಂತ ಮಾಡಿದ್ದು. ಕಾರ್ಬನ್ ವೈರ್ ಹಾಕಿದರೆ ಸ್ಕ್ರೂ ನೂಲನ್ನ ಸೀಳಿಕೊಂಡು ಪಕ್ಕಕ್ಕೆ ಹೋಗುತ್ತೆ. ಮೇಲೆ ನೋಡೋಕೆ ಬಿಗಿಯಾಗೇ ಇರುತ್ತೆ. ಒಳಗೆ ಒಂದು ಸಣ್ಣ ಗ್ಯಾಪ್, ಅಲ್ಲಿ ದಿನಾ ಕಿಡಿ, ದಿನಾ ಸ್ವಲ್ಪ ಸ್ವಲ್ಪ ಸುಡುತ್ತಾ ಹೋಗುತ್ತೆ.

ನಿಮ್ಮದು ಯಾವ ಥರ ಅಂತ ನೋಡಿ ಹೇಳಿ. ಮೀಟರ್ ಇದ್ದರೆ ಪ್ರತಿ ವೈರಿನ ಓಮ್ ಕೂಡ ನೋಡಿಬಿಡಿ. ನೋಡುವಾಗ ವೈರನ್ನ ಬಗ್ಗಿಸಿ, ಅಲುಗಾಡಿಸಿ. ಸುಮ್ನೆ ಚಾಚಿ ಇಟ್ಟಾಗ ಸರಿ ತೋರಿಸಿ ಬಗ್ಗಿಸಿದಾಗ ಕೈಕೊಡೋ ವೈರ್‌ಗಳು ಬಹಳ.

ಗದಗ_ಫಿಯಟ್
ಅಂದ ಹಾಗೆ ಯಾರಾದರೂ ಎಲೆಕ್ಟ್ರಾನಿಕ್ ಇಗ್ನಿಷನ್ ಹಾಕಿಸಿದ್ದರೆ ತಾಮ್ರದ ಕಡೆ ತಲೆ ಹಾಕಬೇಡಿ. ನನ್ನದು ಪ್ರೀಮಿಯರ್ ಪದ್ಮಿನಿ, 1089 ಸಿಸಿ. ಪಾಯಿಂಟ್ ತೆಗೆದು ಕ್ಯಾಪ್ ಒಳಗೆ ಕೂರೋ ಹಾಲ್ ಸೆನ್ಸರ್ (ಕಾಂತವನ್ನ ಗುರುತಿಸೋ ಎಲೆಕ್ಟ್ರಾನಿಕ್ ಸ್ವಿಚ್) ಕಿಟ್ ಹಾಕಿಸಿದೆ, ವೈರ್ ಮಾತ್ರ ಹಳೇ ತಾಮ್ರದ್ದೇ ಉಳಿಸಿಕೊಂಡೆ. ಐಡಲ್‌ನಲ್ಲಿ ಚೆನ್ನಾಗಿತ್ತು. ಹೈವೇಯಲ್ಲಿ ಸ್ಪೀಡ್ ಹಿಡಿದರೆ ಜರ್ಕ್. ಕಿಡಿಯ ಗದ್ದಲ ಸೆನ್ಸರ್‌ಗೆ ತಲುಪಿ ಅದು ಬೇಡದ ಹೊತ್ತಿನಲ್ಲಿ ಕಿಡಿ ಕೊಡುತ್ತಿತ್ತಂತೆ. ಸ್ಪೈರಲ್ ವೈರ್ ಹಾಕಿದ ಮೇಲೆ ಹೋಯಿತು.

ಹಾವೇರಿ_ಹುಡುಗ
ಸ್ಪೈರಲ್ ಅಂದರೆ? ಇದು ನಾಲ್ಕನೇದಾ ಈಗ?

ಗದಗ_ಫಿಯಟ್
ಹೌದು ತಮ್ಮಾ. ಮಧ್ಯದ ತಿರುಳಿನ ಸುತ್ತ ಕೂದಲೆಳೆಯಷ್ಟು ತೆಳು ತಂತಿಯನ್ನ ಸುರುಳಿ ಸುತ್ತಿರುತ್ತಾರೆ. ರೆಸಿಸ್ಟೆನ್ಸ್ ಕಾರ್ಬನ್‌ಗಿಂತ ಕಡಿಮೆ, ಸಾಮಾನ್ಯವಾಗಿ ಮೀಟರ್‌ಗೆ 5-6 ಕಿಲೋ ಓಮ್. ಸುರುಳಿ ಇರೋದರಿಂದ ರೇಡಿಯೋ ಗದ್ದಲ ಮಾತ್ರ ಚೆನ್ನಾಗಿ ತಡೆಯುತ್ತೆ. ಕಾರ್ಬನ್ ಆದರೆ ಮೀಟರ್‌ಗೆ 10ರಿಂದ 20 ಕಿಲೋ ಓಮ್, ಹಳತಾದ ಹಾಗೆ ಇನ್ನೂ ಏರುತ್ತೆ. ಮತ್ತೆ ಸಿಲಿಕಾನ್ ಅನ್ನೋದು ವೈರಿನ ಜಾತಿ ಅಲ್ಲ, ಮೇಲಿನ ಹೊದಿಕೆ ಮಾತ್ರ. ಸಿಲಿಕಾನ್ ಒಳಗೆ ತಾಮ್ರ ಇರಬಹುದು, ಕಾರ್ಬನ್ ಇರಬಹುದು, ಸ್ಪೈರಲ್ಲೂ ಇರಬಹುದು. ಅಂಗಡಿಯವರು ಕೆಂಪು ಬಣ್ಣ ತೋರಿಸ್ತಾರೆ, ಒಳಗೇನಿದೆ ಅಂತ ಕೇಳಿದರೆ ಮುಖ ನೋಡ್ತಾರೆ.

ಕೇಶ್ವಾಪುರ_ಮಾರ್ಕ್3
ಕ್ಯಾಪ್ ಬಿಚ್ಚಿದೆ. ಸ್ಕ್ರೂ ಇರೋ ಥರದ್ದೇ. ಇನ್ನೂ ಒಂದು ತಮಾಷೆ ನೋಡಿ, ನಾಲ್ಕು ಪ್ಲಗ್ ವೈರ್‌ಗಳಲ್ಲಿ ಮೂರು ತಾಮ್ರ, ಮೀಟರ್‌ನಲ್ಲಿ ಸೊನ್ನೆ ತೋರಿಸ್ತಾವೆ. 3ನೇ ಸಿಲಿಂಡರ್‌ದು ಮಾತ್ರ ಕಾರ್ಬನ್. ಹಿಂದೆ ಯಾರೋ ಒಂದನ್ನೇ ಬದಲಿಸಿದ್ದಾರೆ. ಅದರ ಎರಡೂ ತುದಿ ಹಿಡಿದು ನೋಡಿದರೆ 9 ಕಿಲೋ ಓಮ್, ವೈರ್ ಚೆನ್ನಾಗಿದೆ. ಆದರೆ ಕ್ಯಾಪ್ ಒಳಗಿನ ಹಿತ್ತಾಳೆ ಮೊಳೆಯಿಂದ ಪ್ಲಗ್ ತುದಿಗೆ ನೋಡಿದರೆ ಮೀಟರ್ ಏನೂ ತೋರಿಸಲ್ಲ. ಸ್ಕ್ರೂ ಬಿಚ್ಚಿ ವೈರ್ ಎಳೆದಾಗ ತುದಿ ಸುಟ್ಟು ಕರಕಲು. ತೂತಿನ ತಳದಲ್ಲಿ ಬಿಳಿ ಪುಡಿ.

ಉಳಿದ ಮೂರರದ್ದು ಬೇರೆ ಕಥೆ. ಹೊದಿಕೆ ಗಟ್ಟಿಯಾಗಿ ಬಗ್ಗಿಸಿದರೆ ಬಿರುಕು ಬಿಡುತ್ತೆ. ತುದಿಯಲ್ಲಿ ಹಸಿರು ಕಿಲುಬು. ಕ್ಯಾಪ್ ಒಳಗೆ 3 ಮತ್ತು 4ನೇ ಮೊಳೆಗಳ ನಡುವೆ ಸಣ್ಣ ಕಪ್ಪು ಗೆರೆ, ಉಗುರಲ್ಲಿ ಕೆರೆದರೆ ಹೋಗ್ತಿಲ್ಲ. ಅದೇನು?

ನವನಗರ_ವೈರಿಂಗ್
ಅದೇ ನಿಮ್ಮ ಮಳೆಗಾಲದ ಶತ್ರು. ಟ್ರ್ಯಾಕಿಂಗ್ ಅಂತೀವಿ. 3ನೇ ವೈರ್ ದಾರಿ ಕೊಡದಿದ್ದಾಗ ವೋಲ್ಟೇಜ್ ಎಲ್ಲಿಗಾದರೂ ಹೋಗಲೇಬೇಕಲ್ಲ. ಕ್ಯಾಪ್‌ನ ಮೈಮೇಲೆ ತೇವ ಇದ್ದ ದಿನ ಹಾರಿ ಪಕ್ಕದ ಮೊಳೆಗೆ ಹೋಗಿದೆ. ಹಾರಿದ ಜಾಗದಲ್ಲಿ ಬೇಕಲೈಟ್ ಸುಟ್ಟು ಕಾರ್ಬನ್ ಆಗಿದೆ. ಕಾರ್ಬನ್ ಕರೆಂಟ್ ಒಯ್ಯುತ್ತೆ. ಇನ್ನು ಮೇಲೆ ಅದಕ್ಕೆ ಅದೇ ದಾರಿ ಸುಲಭ. ಪಾಲಿಶ್ ಪೇಪರ್ ಹಾಕಿ ಉಜ್ಜಬೇಡಿ, ವಾರದಲ್ಲಿ ಮತ್ತೆ ಬರುತ್ತೆ. ಕ್ಯಾಪ್ ಬದಲಿಸಿ, ಅದರೊಳಗೆ ತಿರುಗೋ ರೋಟರ್ ಜೊತೆಗೇ. ಹೊಸ ಕ್ಯಾಪ್‌ನಲ್ಲಿ ಮಧ್ಯದ ಕಾರ್ಬನ್ ಬ್ರಷ್ ಬೆರಳಲ್ಲಿ ಒತ್ತಿದರೆ ಸ್ಪ್ರಿಂಗ್ ಥರ ಹಿಂದೆ ಮುಂದೆ ಆಗಬೇಕು, ಅದನ್ನ ಅಂಗಡಿಯಲ್ಲೇ ನೋಡಿ ತಗೊಳ್ಳಿ.

ಈ ಕ್ಯಾಪ್ ಹಾಕೋ ಗಾಡಿಗೆ ವೈರ್ ಆಯ್ಕೆ ಬಹಳ ಇಲ್ಲ: 7 ಎಂಎಂ ತಾಮ್ರ. ಕಾಕಾ ಹೇಳಿದ್ದೇ, ಆದರೆ ಅವರು ಹೇಳಿದ ಕಾರಣಕ್ಕಲ್ಲ. 8 ಎಂಎಂ ಆ ತೂತಿಗೆ ಇಳಿಯೋದೇ ಇಲ್ಲ. ಕೆಲವರು ಬ್ಲೇಡಿನಿಂದ ಹೊದಿಕೆ ಹೆರೆದು ತುರುಕುತ್ತಾರೆ. ದುಡ್ಡು ಕೊಟ್ಟು ದಪ್ಪ ಹೊದಿಕೆ ತಂದು ಕ್ಯಾಪ್ ಹತ್ತಿರವೇ ಹೆರೆದು ತೆಳ್ಳಗೆ ಮಾಡಿದರೆ ಏನು ಬಂತು? ದಪ್ಪ ಅನ್ನೋದೆಲ್ಲ ಹೊದಿಕೆಯ ದಪ್ಪ, ಒಳಗಿನ ತಂತಿಯದ್ದಲ್ಲ. ಪಿಕಪ್‌ಗೂ ಅದಕ್ಕೂ ಸಂಬಂಧ ಇಲ್ಲ.

ಸಪ್ತಾಪುರ_ಕಾಕಾ
ಕಾರಣ ಯಾವುದಾದರೇನು, ಗೆದ್ದದ್ದು ತಾಮ್ರ.

ಮಾಳಮಡ್ಡಿ_ಅಕ್ಕ
ಗೆದ್ದದ್ದು ಸ್ಕ್ರೂ ಕಾಕಾ. ಹಾಗಾದರೆ ರೇಡಿಯೋ ಗತಿ? ತಾಮ್ರದ ವೈರ್ ಇಟ್ಟುಕೊಂಡೇ ರೆಸಿಸ್ಟೆನ್ಸನ್ನ ಬೇರೆ ಕಡೆ ಕೊಡಬಹುದಲ್ವಾ?

ನವನಗರ_ವೈರಿಂಗ್
ಕೊಡಬಹುದು ಮೇಡಂ, ಎರಡು ದಾರಿ ಇವೆ. ಒಂದು, ಪ್ಲಗ್ ತುದಿಗೆ 5 ಕಿಲೋ ಓಮ್‌ನ ಸಪ್ರೆಸರ್ ಕ್ಯಾಪ್. ಬೈಕ್‌ಗಳಿಗೆ ಬರುತ್ತಲ್ಲ, ಅದೇ ಥರದ್ದು. ವೈರಿನ ಕಡೆ ಸ್ಕ್ರೂ ಥರ ಮೊನೆ ಇರುತ್ತೆ, ತಾಮ್ರದ ಎಳೆಗಳೊಳಗೆ ತಿರುಗಿಸಿದರೆ ಕಚ್ಚಿಕೊಳ್ಳುತ್ತೆ. ಇನ್ನೊಂದು, ರೆಸಿಸ್ಟರ್ ಪ್ಲಗ್. ಹೆಸರಿನಲ್ಲಿ ಆರ್ ಅಕ್ಷರ ಇರುತ್ತೆ. ಎನ್‌ಜಿಕೆಯಲ್ಲಿ ಬಿಪಿ6ಇಎಸ್ ಸಾದಾ, ಬಿಪಿಆರ್6ಇಎಸ್ ರೆಸಿಸ್ಟರ್‌ದು. ಬಾಷ್‌ನಲ್ಲಿ ಡಬ್ಲ್ಯೂ7ಡಿಸಿ, ಡಬ್ಲ್ಯೂಆರ್7ಡಿಸಿ. ಹೆಸರು ಉದಾಹರಣೆಗೆ ಹೇಳಿದೆ, ನಿಮ್ಮ ಗಾಡಿಗೆ ಯಾವ ಹೀಟ್ ರೇಂಜ್ (ಪ್ಲಗ್ ಎಷ್ಟು ಬೇಗ ಬಿಸಿ ಬಿಟ್ಟುಕೊಡುತ್ತೆ ಅನ್ನೋ ಅಳತೆ), ಎಷ್ಟು ಉದ್ದದ ಥ್ರೆಡ್ ಅನ್ನೋದು ಈಗಿರೋ ಪ್ಲಗ್ ನೋಡಿ ತಗೊಳ್ಳಿ.

ಒಂದೇ ಕಡೆ ಕೊಡಿ. ಕಾರ್ಬನ್ ವೈರ್, ಸಪ್ರೆಸರ್ ಕ್ಯಾಪ್, ರೆಸಿಸ್ಟರ್ ಪ್ಲಗ್ ಮೂರೂ ಸೇರಿಸಿದವರನ್ನ ನೋಡಿದ್ದೀನಿ. ಕಾಯಿಲ್ ಹಳತಾಗಿದ್ದರೆ ಬೆಳಗಿನ ಚಳಿಯಲ್ಲಿ ಅದು ಕಾಟ ಕೊಡುತ್ತೆ. ಅಲ್ಲಿ ಕಾಕಾ ಮಾತು ನಿಜವಾಗುತ್ತೆ.

ಗದಗ_ಫಿಯಟ್
ಮೇಲಿಂದ ಒತ್ತೋ ಥರದ ಕ್ಯಾಪ್ ಸಿಕ್ಕರೆ ಅದನ್ನೇ ಹಾಕಿ ಸ್ಪೈರಲ್ ವೈರ್ ಮಾಡಿಸಬಹುದಲ್ವಾ ನವನಗರ ಅಣ್ಣಾ?

ನವನಗರ_ವೈರಿಂಗ್
ಅದೇ ಡಿಸ್ಟ್ರಿಬ್ಯೂಟರ್‌ನದ್ದೇ ಆ ಥರದ ಕ್ಯಾಪ್ ಸಿಕ್ಕರೆ ಹಾಕಬಹುದು, ಕ್ಲಿಪ್ ಮತ್ತು ಕ್ಯಾಪ್ ಕೂರೋ ಕಚ್ಚು ಹೊಂದಬೇಕು. ಆಮೇಲೆ ಟರ್ಮಿನಲ್ ಹೊಡೆಯೋದು ಸರಿಯಾಗಿರಬೇಕು. ಕಾರ್ಬನ್ನೋ ಸ್ಪೈರಲ್ಲೋ ಇದ್ದರೆ ಒಳಗಿನ ತಿರುಳನ್ನ ಒಂದಿಷ್ಟು ಹೊರಗೆ ಎಳೆದು, ಹೊದಿಕೆಯ ಮೇಲೆ ಹಿಂದಕ್ಕೆ ಮಡಚಿ, ಅದರ ಮೇಲೆ ಟರ್ಮಿನಲ್ ಒತ್ತಬೇಕು. ಪಕ್ಕಡ್ ಹಿಡಿದು ಜಜ್ಜಿದರೆ ಆಗಲ್ಲ. ಪಾಯಿಂಟ್ ಇರೋ ಗಾಡಿಗೆ ಇಷ್ಟೆಲ್ಲ ಬೇಕಾಗಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಮಾರುತಿ 800ರ ಸೆಟ್ ಅಗ್ಗ, ಎಲ್ಲಾ ಕಡೆ ಸಿಗುತ್ತೆ ಅಂತ ಕೆಲವರು ತರ್ತಾರೆ. ಅದು ಮೂರು ಸಿಲಿಂಡರಿನ ಗಾಡಿ ಸ್ವಾಮೀ. ನಾಲ್ಕನೇದಕ್ಕೆ ಹಳೇ ವೈರ್ ಉಳಿಸ್ತಾರೆ. ಕೇಶ್ವಾಪುರ ಸರ್ ಗಾಡಿಯಲ್ಲಿ ಆ ಒಂಟಿ ಕಾರ್ಬನ್ ಬಂದದ್ದು ಇಂಥದೇ ಯಾವುದೋ ದಾರಿಯಿಂದ ಇರಬೇಕು.

ಕೇಶ್ವಾಪುರ_ಮಾರ್ಕ್3
ಅರ್ಥ ಆಯ್ತು. 7 ಎಂಎಂ ತಾಮ್ರ, 5 ಕಿಲೋ ಓಮ್ ಸಪ್ರೆಸರ್ ಕ್ಯಾಪ್, ಸಾದಾ ಪ್ಲಗ್, ಹೊಸ ಡಿಸ್ಟ್ರಿಬ್ಯೂಟರ್ ಕ್ಯಾಪ್-ರೋಟರ್. ಹೊದಿಕೆ ಯಾವುದು ಇರಲಿ? ಅಂಗಡಿಯ ಕಪ್ಪು ವೈರ್ ರಬ್ಬರೋ ಪ್ಲಾಸ್ಟಿಕ್ಕೋ ತಿಳೀಲಿಲ್ಲ.

ಗದಗ_ಫಿಯಟ್
ಪಿವಿಸಿ ಬೇಡ. ಬಿಸಿಗೆ ಗಟ್ಟಿಯಾಗಿ ಬಿರಿಯುತ್ತೆ, ನಿಮ್ಮ ಹಳೇ ಮೂರರ ಥರ. ಇಪಿಡಿಎಂ ರಬ್ಬರ್ ಅಥವಾ ಸಿಲಿಕಾನ್ ತಗೊಳ್ಳಿ. ಸಿಲಿಕಾನ್ ಬಿಸಿ ಚೆನ್ನಾಗಿ ತಡೆಯುತ್ತೆ, ಆದರೆ ಮೆತ್ತಗೆ. ತಗಡಿನ ಅಂಚಿಗೆ ಉಜ್ಜಿದರೆ ಬೇಗ ಹರಿಯುತ್ತೆ. ಸಿಲಿಕಾನ್ ಅಂತ ಪಿವಿಸಿ ಮಾರೋರಿದ್ದಾರೆ, ಒಂದು ಸಣ್ಣ ತುಂಡು ಕತ್ತರಿಸಿ ಇಕ್ಕಳದಲ್ಲಿ ಹಿಡಿದು ಬೆಂಕಿ ತಾಗಿಸಿ. ಪಿವಿಸಿ ಆದರೆ ಕಪ್ಪು ಹೊಗೆ, ಮೂಗಿಗೆ ಚುಚ್ಚೋ ವಾಸನೆ. ಸಿಲಿಕಾನ್ ಉರಿದರೆ ಬಿಳಿ ಬೂದಿ ಉಳಿಯುತ್ತೆ. ಹೊರಗೆ ನಿಂತು ಮಾಡಿ, ಆ ಹೊಗೆ ಒಳ್ಳೇದಲ್ಲ.

ಮಾಳಮಡ್ಡಿ_ಅಕ್ಕ
ಅಂಬಾಸಿಡರ್‌ನಲ್ಲಿ ಸೈಲೆನ್ಸರ್ ಮ್ಯಾನಿಫೋಲ್ಡ್ ಒಂದು ಕಡೆ, ಪ್ಲಗ್‌ಗಳು ಇನ್ನೊಂದು ಕಡೆ. ಬಿಸಿಯ ಚಿಂತೆ ಅಷ್ಟಿಲ್ಲ. ರಬ್ಬರೇ ಸಾಕಲ್ವಾ?

ಗದಗ_ಫಿಯಟ್
ಸಾಕು. ಅದೂ ಸರಿಯೇ.

ಸಪ್ತಾಪುರ_ಕಾಕಾ
ವೈರ್ ಕತ್ತರಿಸೋ ಮೊದಲು ಹಳೇದನ್ನ ಪಕ್ಕದಲ್ಲಿಟ್ಟು ಅಳತೆ ತಗೋ. ಬಿಗಿಯಾಗಿ ಎಳೆದುಕೊಂಡಂತೆ ಇರಬಾರದು, ಎಂಜಿನ್ ಅಲುಗಾಡುತ್ತೆ. ಜೋತು ಬಿದ್ದಿರಲೂ ಬಾರದು. ಕಾಯಿಲ್‌ನಿಂದ ಕ್ಯಾಪ್‌ಗೆ ಬರೋ ಕಿಂಗ್ ವೈರ್ ಮರೀಬೇಡ, ಎಲ್ಲರೂ ನಾಲ್ಕು ಬದಲಿಸಿ ಐದನೇದನ್ನ ಬಿಡ್ತಾರೆ. ನಾಲ್ಕೂ ಸಿಲಿಂಡರಿನ ಕಿಡಿ ಹೋಗೋದು ಅದರ ಮೇಲೇ.

ನವನಗರ_ವೈರಿಂಗ್
ಕೂರಿಸೋ ಕ್ರಮ: 1-3-4-2. ಈ ಎಂಜಿನ್‌ನಲ್ಲಿ ಮೇಲಿಂದ ನೋಡಿದರೆ ರೋಟರ್ ಗಡಿಯಾರಕ್ಕೆ ಉಲ್ಟಾ ತಿರುಗುತ್ತೆ, ವೈರ್‌ಗಳೂ ಅದೇ ದಿಕ್ಕಿನಲ್ಲಿ ಬರಬೇಕು. ಬೇರೆ ಗಾಡಿಯವರು ಇದನ್ನ ನಂಬಿ ಹಾಕಬೇಡಿ, ಕ್ಯಾಪ್ ತೆಗೆದು ಎಂಜಿನ್ ತಿರುಗಿಸಿ ರೋಟರ್ ಯಾವ ಕಡೆ ಹೋಗುತ್ತೆ ಅಂತ ಕಣ್ಣಾರೆ ನೋಡಿ. ಒಂದೊಂದೇ ವೈರ್ ಬದಲಿಸುತ್ತಾ ಹೋದರೆ ತಲೆನೋವೇ ಇಲ್ಲ.

3 ಮತ್ತು 4ನೇ ವೈರ್‌ಗಳನ್ನ ಒಂದಕ್ಕೊಂದು ಅಂಟಿಸಿ ಟೇಪ್ ಸುತ್ತಬೇಡಿ. ಪಕ್ಕಪಕ್ಕದ ಸಿಲಿಂಡರ್, ಒಂದರ ಹಿಂದೆ ಒಂದು ಹೊಡೆಯೋವು. 3ರ ಕಿಡಿ 4ರ ವೈರಿನಲ್ಲಿ ವೋಲ್ಟೇಜ್ ಹುಟ್ಟಿಸಿದರೆ ಅಲ್ಲಿ ಹೊತ್ತಿಗೆ ಮೊದಲೇ ಕಿಡಿ ಹಾರುತ್ತೆ. ಬೆರಳಷ್ಟು ಅಂತರ ಇರಲಿ. ಪ್ಲಾಸ್ಟಿಕ್ ಕ್ಲಿಪ್ ಸಿಕ್ಕರೆ ಹಾಕಿ.

ಪಾಯಿಂಟ್ ಗ್ಯಾಪ್ 15 ಥೌ (ಥೌ ಅಂದರೆ ಇಂಚಿನ ಸಾವಿರದ ಒಂದು ಭಾಗ), ಪ್ಲಗ್ ಗ್ಯಾಪ್ 25 ಥೌ. ಹೊಸ ವೈರ್ ಹಾಕಿದ ಖುಷಿಗೆ ಪ್ಲಗ್ ಗ್ಯಾಪ್ ಹಿಗ್ಗಿಸಬೇಡಿ. ಬ್ಯಾಟರಿಯ ಮೈನಸ್ ಬಾಡಿಗೆ ಇದ್ದರೆ ಕಾಯಿಲ್‌ನ ಮೈನಸ್ ಪಾಯಿಂಟ್ ಕಡೆಗೆ ಇದೆಯಾ ಅದನ್ನೂ ನೋಡಿ. ಉಲ್ಟಾ ಇದ್ದರೂ ಗಾಡಿ ಓಡುತ್ತೆ, ಆದರೆ ಕಿಡಿಗೆ ವೋಲ್ಟೇಜ್ ಜಾಸ್ತಿ ಬೇಕು, ಮಳೆಯಲ್ಲಿ ಅದೇ ಕೈಕೊಡೋದು.

ಹಾವೇರಿ_ಹುಡುಗ
ಹಾಕಿದ ಮೇಲೆ ಲೀಕ್ ಇದೆಯಾ ಇಲ್ವಾ ಅಂತ ನೋಡೋಕೆ ಮಳೆಗೆ ಕಾಯಬೇಕಾ?

ನವನಗರ_ವೈರಿಂಗ್
ಬೇಡ. ರಾತ್ರಿ ದೀಪ ಆರಿಸಿ, ಎಂಜಿನ್ ಚಾಲೂ ಇಟ್ಟು ಬಾನೆಟ್ ಎತ್ತು. ಗಿಡಕ್ಕೆ ನೀರು ಹೊಡೆಯೋ ಸ್ಪ್ರೇ ಬಾಟಲಿಯಿಂದ ವೈರ್‌ಗಳ ಮೇಲೆ ಮಂಜಿನ ಹಾಗೆ ಸ್ವಲ್ಪ ಹೊಡಿ. ಲೀಕ್ ಇದ್ದರೆ ನೀಲಿ ಕಿಡಿ ಹರಿದಾಡೋದು ಕಾಣುತ್ತೆ, ಚಟಚಟ ಸದ್ದೂ ಕೇಳುತ್ತೆ. ಕೈ ಮಾತ್ರ ದೂರ ಇಟ್ಟುಕೋ, ಫ್ಯಾನ್ ಬೆಲ್ಟ್ ಕತ್ತಲಲ್ಲಿ ಕಾಣಲ್ಲ. ಓಡೋ ಎಂಜಿನ್‌ನಲ್ಲಿ ವೈರ್ ಕಿತ್ತು ಕಿಡಿ ನೋಡೋ ಹಳೇ ಚಟ ಬಿಡು, ಎಲೆಕ್ಟ್ರಾನಿಕ್ ಗಾಡಿಯಲ್ಲಂತೂ ಮಾಡಲೇಬೇಡ. ಮಾಡ್ಯೂಲ್ ಹೋಗುತ್ತೆ, ಹೊಡೆತವೂ ಜೋರು.

ಕೇಶ್ವಾಪುರ_ಮಾರ್ಕ್3
ವೈರ್, ಸಪ್ರೆಸರ್ ಕ್ಯಾಪ್, ರೋಟರ್ ಸಿಕ್ಕವು. ಒಳಗೆ ಸ್ಕ್ರೂ ಇರೋ ಡಿಸ್ಟ್ರಿಬ್ಯೂಟರ್ ಕ್ಯಾಪ್ ಮಾತ್ರ ಹುಬ್ಬಳ್ಳಿಯಲ್ಲಿ ಕೇಳಿದ ಕಡೆಯೆಲ್ಲ ಇಲ್ಲ ಅಂದರು. ಯಾರ ಹತ್ತಿರ ಆದರೂ ಇದೆಯಾ?

ಸಪ್ತಾಪುರ_ಕಾಕಾ
ನನ್ನ ಹತ್ತಿರ ಒಂದಿದೆ, ಹೊಸದು, ಡಬ್ಬಿಯಲ್ಲೇ ಇದೆ. ಒಳಗಿನ ಸ್ಕ್ರೂ ನಾಲ್ಕೂ ಇವೆ. ಬ್ರಷ್ ಒತ್ತಿ ನೋಡಿದೆ, ಚೆನ್ನಾಗಿ ಆಡುತ್ತೆ. ಭಾನುವಾರ ಹಳೇ ಕ್ಯಾಪ್ ತಗೊಂಡು ಬಾ, ಪಕ್ಕದಲ್ಲಿಟ್ಟು ಹೋಲಿಸಿ ನೋಡೋಣ. ಹೊಂದಿದರೆ ಒಯ್ಯಿ.